ದಮ್ಮು ಬಂತು, ಕಾಲು ಬರಲಿಲ್ಲ

ದೀರ್ಘ ವಿಶ್ರಾಂತಿ ಮುಗಿಸಿ ಲಾಯಕ್ಕೆ ಮರಳಿದ ಕುದುರೆ ಓಟಕ್ಕೆ ಸಿದ್ಧವಾಗಿದೆಯೇ ಎಂದು ತಿಳಿಯಲು ನಮ್ಮ ರೇಸ್ ಕೋರ್ಸುಗಳಲ್ಲಿ ಎಲ್ಲರೂ ನಂಬುವ ಪರೀಕ್ಷೆ ಒಂದೇ. ಬೆಳಗಿನ ಕೆಲಸ ಮುಗಿಸಿ ಮರಳಿನ ಟ್ರ್ಯಾಕ್‌ನಿಂದ ಹೊರಬರುವ ಕುದುರೆಯ ಮೂಗಿನ ಹೊಳ್ಳೆ ಎಷ್ಟು ಅರಳಿದೆ, ಪಕ್ಕೆ ಎಷ್ಟು ಜೋರಾಗಿ ಏರಿಳಿಯುತ್ತಿದೆ, ಅದನ್ನು ನೋಡಿಕೊಳ್ಳುವ ಸೈಸ್ ಹಿಡಿದು ಎರಡು ಸುತ್ತು ನಡೆಸುವಷ್ಟರಲ್ಲಿ ಏದುಸಿರು ತಗ್ಗಿತೇ ಇಲ್ಲವೇ, ಇಷ್ಟನ್ನು ನೋಡಿ ತೀರ್ಪು ಹೊರಬೀಳುತ್ತದೆ. ಮೊದಲ ವಾರ ಕುದುರೆ ಏದುತ್ತದೆ. ಎರಡನೆಯ ವಾರ ಸ್ವಲ್ಪ ಕಡಿಮೆ. ನಾಲ್ಕನೆಯ ವಾರದ ಹೊತ್ತಿಗೆ ಆರು ಫರ್ಲಾಂಗ್ ಕ್ಯಾಂಟರ್ (ಮಧ್ಯಮ ವೇಗದ ಓಟ) ಮಾಡಿ ಬಂದರೂ ಏನೂ ಆಗಿಲ್ಲವೆಂಬಂತೆ ಕಿವಿ ನಿಮಿರಿಸಿ ನಿಲ್ಲುತ್ತದೆ. 'ದಮ್ಮು ಬಂದಿದೆ' ಎನ್ನುತ್ತಾರೆ. ಅಲ್ಲಿಂದ ಮುಂದೆ ವೇಗದ ಕೆಲಸ, ಅಭ್ಯಾಸಕ್ಕೆಂದು ನಡೆಸುವ ಮಾಕ್ ರೇಸ್, ರೇಸಿಗೆ ಹೆಸರು ಕೊಡುವುದು, ಎಲ್ಲವೂ ಸರಸರನೆ ಸಾಗುತ್ತವೆ. ರೈಡಿಂಗ್ ಶಾಲೆಗಳಲ್ಲಿ, ತೋಟದ ಮನೆಯಲ್ಲಿ ಒಂದೆರಡು ಕುದುರೆ ಸಾಕಿಕೊಂಡ ಹವ್ಯಾಸಿಗಳಲ್ಲಿ ಮಾತು ಬೇರೆಯಾದರೂ ತರ್ಕ ಇದೇ: ಸುಸ್ತಾಗದಿದ್ದರೆ ಕುದುರೆ ತಯಾರು. ಈ ತರ್ಕ ಪೂರ್ತಿ ತಪ್ಪು ಎಂಬುದು ನನ್ನ ವಾದ. ವಿಶ್ರಾಂತಿಯಿಂದ ಮರಳಿದ ಕುದುರೆಯ ವಿಷಯದಲ್ಲಿ ದಮ್ಮಿನಷ್ಟು ಕೆಟ್ಟ ಸಾಕ್ಷಿ ಇನ್ನೊಂದಿಲ್ಲ. ಕಾಲು ಅತ್ಯಂತ ದುರ್ಬಲವಾಗಿರುವ ವಾರಗಳಲ್ಲೇ ಅದು 'ಎಲ್ಲವೂ ಸರಿ' ಎಂದು ಗಟ್ಟಿಯಾಗಿ ಹೇಳುತ್ತದೆ.

ದಮ್ಮು ಅಷ್ಟು ಬೇಗ ಯಾಕೆ ಬರುತ್ತದೆ ಎಂದು ಕೇಳಿಕೊಂಡರೆ ಅರ್ಧ ಗುಟ್ಟು ಬಯಲಾಗುತ್ತದೆ. ಅದು ಹೋಗಿಯೇ ಇರಲಿಲ್ಲ. ಕುದುರೆ ಹುಟ್ಟಿನಿಂದಲೇ ಉಸಿರಿನ ಸಿರಿವಂತ ಪ್ರಾಣಿ. ಸುಮ್ಮನೆ ನಿಂತಾಗ ನಿಮಿಷಕ್ಕೆ 28ರಿಂದ 44 ಸಲ ಬಡಿಯುವ ಅದರ ಹೃದಯ ನಾಗಾಲೋಟದಲ್ಲಿ 220, 240ರವರೆಗೆ ಏರಬಲ್ಲದು. ಓಟ ಶುರುವಾದ ಕೂಡಲೇ ಗುಲ್ಮ ಹಿಂಡಿಕೊಂಡು ತಾನು ಕೂಡಿಟ್ಟ ಕೆಂಪು ರಕ್ತಕಣಗಳನ್ನು ರಕ್ತಕ್ಕೆ ಸುರಿಯುತ್ತದೆ. ಶೇ 40ರ ಆಸುಪಾಸಿನಲ್ಲಿದ್ದ ಕಣಗಳ ಪಾಲು ಶೇ 60 ದಾಟುತ್ತದೆ. ದೇಹತೂಕದ ಲೆಕ್ಕದಲ್ಲಿ ಆಮ್ಲಜನಕ ಬಳಸುವ ಶಕ್ತಿಯಲ್ಲಿ ಒಳ್ಳೆಯ ಥರೋಬ್ರೆಡ್ ಕುದುರೆ ಒಲಿಂಪಿಕ್ ಮಟ್ಟದ ಓಟಗಾರನಿಗಿಂತ ಸುಮಾರು ಎರಡು ಪಟ್ಟು ಮುಂದಿದೆ. ಇದರಲ್ಲಿ ಬಹುಪಾಲು ತಳಿಯ ಬಳುವಳಿ. ತರಬೇತಿಯಿಂದ ಬಂದದ್ದು ಸ್ವಲ್ಪ. ಆ ಸ್ವಲ್ಪವೂ ನಿಧಾನವಾಗಿ ಕರಗುತ್ತದೆ. ಟ್ರೆಡ್‌ಮಿಲ್ ಮೇಲೆ ಓಡಿಸಿ ಅಳೆದ ಪ್ರಯೋಗಗಳಲ್ಲಿ, ತರಬೇತಿ ನಿಲ್ಲಿಸಿದ ಮೊದಲ ನಾಲ್ಕರಿಂದ ಆರು ವಾರಗಳಲ್ಲಿ ಈ ಸಾಮರ್ಥ್ಯ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ ಎಂದು ಕಂಡುಬಂದಿದೆ. ಮನುಷ್ಯ ಓಟಗಾರರು ಇದಕ್ಕಿಂತ ಬೇಗ ಕಳೆದುಕೊಳ್ಳುತ್ತಾರೆ. ಎಂದರೆ, ಎರಡು ತಿಂಗಳು ವಿಶ್ರಾಂತಿಯಲ್ಲಿದ್ದ ಕುದುರೆ ಮೊದಲ ದಿನ ಏದುವುದಕ್ಕೆ ಮೈಯ ಬೊಜ್ಜು ಮತ್ತು ಹುರುಪು ಎಷ್ಟು ಕಾರಣವೋ ಉಸಿರಿನ ಕೊರತೆ ಅಷ್ಟಿರಲಿಕ್ಕಿಲ್ಲ. ಮೂರು ವಾರದಲ್ಲಿ ಏದುಸಿರು ನಿಂತಾಗ ನಾವು ಹೊಗಳುತ್ತಿರುವುದು ಕುದುರೆ ಅಷ್ಟಾಗಿ ಕಳೆದುಕೊಂಡೇ ಇರದ ಒಂದು ಗುಣವನ್ನು.

ಮೂಳೆಯ ಲೆಕ್ಕವೇ ಬೇರೆ. ನಾಗಾಲೋಟದಲ್ಲಿ ಒಂದು ಕಾಲು ನೆಲಕ್ಕೆ ಊರಿದ ಕ್ಷಣ ಅದರ ಮೇಲೆ ಬೀಳುವ ಭಾರ ಕುದುರೆಯ ತೂಕದ ಎರಡೂವರೆ ಪಟ್ಟಿನಷ್ಟು. ಐನೂರು ಕಿಲೋ ತೂಗುವ ಪ್ರಾಣಿ ಎಂದಿಟ್ಟುಕೊಂಡರೆ ಒಂದು ಟನ್ನಿಗೂ ಮಿಕ್ಕಿದ ಹೊರೆ, ಮನುಷ್ಯನ ಮಣಿಕಟ್ಟಿಗಿಂತ ತುಸುವೇ ದಪ್ಪನೆಯ ಕಾಲಿನ ಮೇಲೆ. ಒಂದು ಹೆಜ್ಜೆಗೆ ಆರೇಳು ಮೀಟರ್ ಎಂದರೆ ಸಾವಿರ ಮೀಟರಿನಲ್ಲಿ ಆ ಕಾಲಿಗೆ ಸುಮಾರು ನೂರೈವತ್ತು ಸಲ ಈ ಪೆಟ್ಟು. ಇದರಿಂದ ಮೂಳೆಯೊಳಗೆ ಕಣ್ಣಿಗೆ ಕಾಣದ ಬಿರುಕುಗಳು ಏಳುತ್ತವೆ. ಅದು ರೋಗವಲ್ಲ, ದುಡಿಮೆಯ ಸವೆತ. ದೇಹ ತಾನೇ ಅದನ್ನು ದುರಸ್ತಿ ಮಾಡುತ್ತದೆ. ಆದರೆ ತರಬೇತಿ ಬಿರುಸಾಗಿರುವಾಗ ಅತಿ ಹೆಚ್ಚು ಹೊರೆ ಬೀಳುವ ಜಾಗಗಳಲ್ಲೇ ಈ ದುರಸ್ತಿ ಮಂದವಾಗಿರುತ್ತದೆ ಎಂದು ಮೆಲ್ಬರ್ನ್ ವಿಶ್ವವಿದ್ಯಾಲಯದ ಕ್ರಿಸ್ ವಿಟನ್ ಮತ್ತು ಸಂಗಡಿಗರ ಕೆಲಸ ತೋರಿಸಿದೆ. ವಿಶ್ರಾಂತಿ ಕೊಟ್ಟಾಗ ಬಾಕಿ ಉಳಿದ ಕೆಲಸವೆಲ್ಲ ಚುರುಕುಗೊಳ್ಳುತ್ತದೆ. ಮೊದಲು ಒಂದು ಬಗೆಯ ಜೀವಕೋಶಗಳು ಬಿರುಕುಬಿಟ್ಟ ಮೂಳೆಯನ್ನು ಕರಗಿಸಿ ಸುರಂಗ ತೋಡುತ್ತವೆ. ಆಮೇಲೆ ಇನ್ನೊಂದು ಬಗೆಯವು ಆ ಸುರಂಗವನ್ನು ಹೊಸ ಮೂಳೆಯಿಂದ ತುಂಬುತ್ತವೆ. ತೋಡುವುದಕ್ಕೆ ವಾರಗಳು ಸಾಕು. ತುಂಬಿ ಗಟ್ಟಿಯಾಗಲು ತಿಂಗಳುಗಳು ಬೇಕು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಪೈಪ್ ಹಾಕಲು ಅಗೆದ ರಸ್ತೆಯ ಮೇಲೆ ಡಾಂಬರು ಬೀಳುವ ಮೊದಲೇ ಲಾರಿ ಬಿಟ್ಟರೆ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ. ವಿಶ್ರಾಂತಿಯ ಆರನೆಯ ವಾರಕ್ಕೋ ಎಂಟನೆಯ ವಾರಕ್ಕೋ ಕುದುರೆ ಮರಳಿದಾಗ ಅದರ ಮೂಳೆ ರಜೆಗೆ ಹೋದಾಗಿನದಕ್ಕಿಂತ ಟೊಳ್ಳಾಗಿರಬಹುದು. ಅದು ಗುಣವಾಗುತ್ತಿರುವುದರ ಲಕ್ಷಣವೇ ಹೌದು, ಗುಣವಾಗಿ ಮುಗಿದಿಲ್ಲ ಅಷ್ಟೆ.

ಇದು ಪುಸ್ತಕದ ಊಹೆ ಮಾತ್ರವಾಗಿದ್ದರೆ ಟ್ರೇನರುಗಳು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಕ್ಯಾಲಿಫೋರ್ನಿಯಾದಲ್ಲಿ ರೇಸ್ ಕೋರ್ಸಿನಲ್ಲಿ ಸತ್ತ ಕುದುರೆಗಳ ಶವಪರೀಕ್ಷೆ ಮಾಡುವ ವ್ಯವಸ್ಥೆ ಇದೆ. ಪ್ರತಿ ಕುದುರೆಯ ವೇಗದ ಕೆಲಸದ ಅಧಿಕೃತ ದಾಖಲೆಯೂ ಇದೆ. ಡೇವಿಸ್‌ನ ವಿಶ್ವವಿದ್ಯಾಲಯದ ಸೂಸನ್ ಸ್ಟೋವರ್ ಮತ್ತು ಸಂಗಡಿಗರು ಇವೆರಡನ್ನೂ ಹೊಂದಿಸಿ ನೋಡಿ 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1991ರಿಂದ 1994ರ ನಡುವೆ ಭುಜದ ಕೆಳಗಿನ ತೋಳೆಲುಬು ಅಥವಾ ಸೊಂಟದ ಮೂಳೆ ಪೂರ್ತಿ ಮುರಿದ 54 ಕುದುರೆಗಳ ಚರಿತ್ರೆ ಅದರಲ್ಲಿತ್ತು. ಎರಡು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ವೇಗದ ಕೆಲಸವಿಲ್ಲದೆ ಇದ್ದು ಮರಳಿದ ಕುದುರೆಗಳಿಗೆ ಮರಳಿದ ಮೊದಲ ಹತ್ತು ದಿನಗಳಲ್ಲೂ ಮೊದಲ ಇಪ್ಪತ್ತೊಂದು ದಿನಗಳಲ್ಲೂ ತೋಳೆಲುಬು ಮುರಿಯುವ ಅಪಾಯ ಹಲವು ಪಟ್ಟು ಹೆಚ್ಚಿತ್ತು. ಸೊಂಟದ ಮೂಳೆಯ ವಿಷಯದಲ್ಲಿ ಅಂಥ ನಂಟು ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಎಲ್ಲ ಮೂಳೆಗೂ ಒಂದೇ ಗಡಿಯಾರ ಇಲ್ಲ. ಗಮನಿಸಬೇಕಾದ್ದು ದಿನಗಳ ಲೆಕ್ಕ. ಮೊದಲ ವೇಗದ ಕೆಲಸಕ್ಕೆ ಬಿಡುವ ಹೊತ್ತಿಗೆ ಈ ಕುದುರೆಗಳು ಯಾರ ಕಣ್ಣಿಗೂ ದಮ್ಮು ಕಟ್ಟಿದಂತೆ ಕಂಡಿರಲಾರವು. ಕಂಡಿದ್ದರೆ ಬಿಡುತ್ತಲೇ ಇರಲಿಲ್ಲ. ಕ್ವಾರ್ಟರ್ ಹಾರ್ಸ್ ತಳಿಯ ಎಳೆಯ ಕುದುರೆಗಳ ಮೇಲೆ ಬ್ರಯಾನ್ ನೀಲ್ಸನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಮಾಡಿದ ಕೆಲಸ ಇದಕ್ಕೆ ಇನ್ನೊಂದು ಕಡೆಯಿಂದ ಬೆಳಕು ಚೆಲ್ಲುತ್ತದೆ. ಬಯಲಿನಿಂದ ತಂದು ಲಾಯದಲ್ಲಿ ಕಟ್ಟಿ ತರಬೇತಿ ಆರಂಭಿಸಿದ ಮೇಲೆ ಮುಂಗಾಲಿನ ಮೂಳೆಯ ಖನಿಜಾಂಶ ಸುಮಾರು ಎರಡು ತಿಂಗಳ ತನಕ ಇಳಿಯುತ್ತಲೇ ಹೋಯಿತು. ಸವಾರಿ ಇತ್ತು, ಟ್ರಾಟ್ ಇತ್ತು, ಕ್ಯಾಂಟರ್ ಇತ್ತು, ಆದರೂ ಇಳಿಯಿತು. ವೇಗದ ಕೆಲಸ ಸೇರಿಕೊಂಡ ಘಟ್ಟದಲ್ಲೇ ಗಾಯಗಳು ಗುಂಪುಗೂಡಿದವು. ಕುದುರೆ ದಿನದಿನಕ್ಕೆ ಹುರುಪಾಗುತ್ತಿದೆ, ಮೂಳೆ ದಿನದಿನಕ್ಕೆ ತೆಳುವಾಗುತ್ತಿದೆ. ಎರಡೂ ಒಂದೇ ತಿಂಗಳಲ್ಲಿ, ಒಂದೇ ಪ್ರಾಣಿಯಲ್ಲಿ ನಡೆಯುತ್ತಿವೆ. ಇಲ್ಲಿ ಮೂಗಿನ ಹೊಳ್ಳೆ ನೋಡಿ ಹೇಳಿದ ತೀರ್ಪಿಗೆ ಏನು ಬೆಲೆ?

ಸ್ನಾಯುರಜ್ಜುವಿನ ವಿಷಯ ಇನ್ನೂ ಕಠಿಣ. ರೇಸ್ ಕೋರ್ಸಿನ ಭಾಷೆಯಲ್ಲಿ ಟೆಂಡನ್. ಮುಂಗಾಲಿನ ಹಿಂಬದಿಯಲ್ಲಿ, ಮಂಡಿಯಿಂದ ಗೆಣ್ಣಿನವರೆಗೆ ಹಗ್ಗದಂತೆ ಇಳಿಯುವ ಆ ಪಟ್ಟಿ ನಾಗಾಲೋಟದಲ್ಲಿ ತನ್ನ ತಾಳಿಕೆಯ ಅಂಚಿನವರೆಗೂ ಹಿಗ್ಗುತ್ತದೆ. ಹಿಗ್ಗಿ ಕುಗ್ಗುವಾಗ ಹುಟ್ಟುವ ಶಾಖದಿಂದ ಅದರ ನಡುಭಾಗ 45 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗುತ್ತದೆ ಎಂದು 1994ರಲ್ಲೇ ಅಳೆದು ತೋರಿಸಿದ್ದಾರೆ. ಮೂಳೆಯಂತೆ ಇದು ದುಡಿಸಿದಷ್ಟೂ ಗಟ್ಟಿಯಾಗುವ ವಸ್ತುವಲ್ಲ. ಬೆಳೆದ ಕುದುರೆಯಲ್ಲಿ ಅದು ಬಹುಮಟ್ಟಿಗೆ ಸವೆಯುತ್ತದೆ, ಅಷ್ಟೆ. ಹರಿದರೆ ಕೂಡುತ್ತದೆ, ಆದರೆ ಕೂಡಿದ ಜಾಗದಲ್ಲಿ ಬರುವುದು ಮೊದಲಿನ ಎಳೆಯಲ್ಲ, ಬಿಗಿತ ಹೆಚ್ಚಿದ, ಚಿಮ್ಮುವ ಗುಣ ಕಡಿಮೆಯಾದ ಗಾಯದ ಕಲೆ. ಅದು ಓಟಕ್ಕೆ ತಕ್ಕಮಟ್ಟಿಗೆ ಹದಗೊಳ್ಳಲು ಒಂಬತ್ತು ತಿಂಗಳಿನಿಂದ ಒಂದು ವರ್ಷ, ಕೆಲವು ಸಲ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಮೋಸ ಎಲ್ಲಿದೆ ಎಂದರೆ, ಊತ ಕೆಲವೇ ವಾರದಲ್ಲಿ ಇಳಿಯುತ್ತದೆ, ಕುಂಟು ಅದಕ್ಕೂ ಮೊದಲೇ ಮಾಯವಾಗುತ್ತದೆ. ಕಾಲು ಒಣಗಿ ತಣ್ಣಗಿದೆ, ಕುದುರೆ ನೆಟ್ಟಗೆ ನಡೆಯುತ್ತದೆ, ದಮ್ಮಂತೂ ಹೋಗಿಯೇ ಇಲ್ಲ. ಮೂರು ಸಾಕ್ಷಿಗಳೂ ಒಂದೇ ಸುಳ್ಳು ಹೇಳುತ್ತಿವೆ. ಇಂಥ ಕಾಲಿನ ನಿಜಸ್ಥಿತಿ ತಿಳಿಯಲು ಎರಡು ಮೂರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸುವುದೊಂದೇ ದಾರಿ. ಕುದುರೆ ನಡೆಯಬೇಕೇ, ಟ್ರಾಟ್‌ಗೆ ಏರಬೇಕೇ, ಕ್ಯಾಂಟರ್‌ಗೆ ಹೋಗಬಹುದೇ ಎಂಬುದನ್ನು ಆ ಪರದೆಯ ಮೇಲಿನ ಎಳೆಗಳ ಜೋಡಣೆ ಹೇಳಬೇಕೇ ಹೊರತು ಪಕ್ಕೆಯ ಏರಿಳಿತ ಹೇಳಬಾರದು.

ಮಾಂಸಖಂಡಗಳದ್ದು ಸಣ್ಣ ಕತೆ, ಆದರೂ ಬಿಡುವಂತಿಲ್ಲ. ಕೆಲಸ ನಿಂತರೂ ಮೇವಿನ ಅಳತೆ ನಿಲ್ಲದ ಲಾಯಗಳಲ್ಲಿ ಕುದುರೆ ಮರಳಿದ ಮೊದಲ ದಿನಗಳಲ್ಲೇ ಸೊಂಟದ ಮೇಲಿನ ಸ್ನಾಯುಗಳು ಕಲ್ಲಿನಂತೆ ಸೆಟೆದು, ಕುದುರೆ ಬೆವರಿ, ಹೆಜ್ಜೆ ಎತ್ತಲಾರದೆ ನಿಂತುಬಿಡುವುದುಂಟು. ಸ್ನಾಯು ಒಡೆದು ಅದರ ಬಣ್ಣ ಮೂತ್ರಕ್ಕೆ ಇಳಿದು ಮೂತ್ರ ಕಾಫಿ ಬಣ್ಣವಾಗುತ್ತದೆ, ಮೂತ್ರಪಿಂಡಕ್ಕೂ ಅಪಾಯ. ಗಾಡಿ ಎಳೆಯುವ ಕುದುರೆಗಳು ಭಾನುವಾರ ಹೊಟ್ಟೆ ತುಂಬ ಕಾಳು ತಿಂದು ಸೋಮವಾರ ಹೀಗೆ ಬೀಳುತ್ತಿದ್ದುದರಿಂದ ಯುರೋಪಿನಲ್ಲಿ ಇದನ್ನು ಸೋಮವಾರದ ರೋಗ ಎಂದೇ ಕರೆಯುತ್ತಿದ್ದರು. ನಮ್ಮಲ್ಲಿ ಹುರುಳಿ, ಓಟ್ಸ್, ಬೂಸಾಗಳ ಅಳತೆಯನ್ನು ರಜೆಯ ಮೊದಲ ದಿನವೇ ತಗ್ಗಿಸಿ ಹುಲ್ಲು ಹೆಚ್ಚಿಸಬೇಕು, ಮರಳಿದ ಮೇಲೆ ಕೆಲಸ ಏರಿದ ಹಿಂದೆ ಕಾಳು ಏರಬೇಕು. ಬಹಳ ಕಡೆ ಇದು ತಿರುಗುಮುರುಗಾಗಿ ನಡೆಯುತ್ತದೆ, 'ನಾಳೆಯಿಂದ ಕೆಲಸ ಇದೆ, ಇವತ್ತು ಚೆನ್ನಾಗಿ ತಿನ್ನಲಿ' ಎಂಬ ಪ್ರೀತಿಯಿಂದ. ಇನ್ನು ಜ್ವರ, ಕೆಮ್ಮಿಗೆ ರಜೆ ಪಡೆದ ಕುದುರೆಯಾದರೆ ದಮ್ಮೇ ಗಾಯಾಳು. ಇನ್‌ಫ್ಲುಯೆಂಜಾ ಬಂದ ಕುದುರೆಗೆ ಜ್ವರವಿದ್ದ ಒಂದೊಂದು ದಿನಕ್ಕೆ ಒಂದೊಂದು ವಾರ ವಿಶ್ರಾಂತಿ ಕೊಡಬೇಕು ಎಂಬುದು ಪಶುವೈದ್ಯರ ಹಳೆಯ ನಿಯಮ; ಶ್ವಾಸನಾಳದ ಒಳಪದರ ಮತ್ತೆ ಬೆಳೆಯಲು ಅಷ್ಟು ಕಾಲ ಬೇಕು. ಕೆಮ್ಮು ನಿಂತ ಮರುದಿನವೇ ಓಡಿಸಿ ದಮ್ಮು ಪರೀಕ್ಷಿಸುವುದು ಎಂದರೆ ಗಾಯವನ್ನು ಕೆರೆದು ಗುಣವಾಗಿದೆಯೇ ಎಂದು ನೋಡುವುದು.

ಇದಕ್ಕೆಲ್ಲ ಮೊದಲು ಬರುವ ಆಕ್ಷೇಪ ಅನುಭವಿಗಳದ್ದು: 'ಕುದುರೆಯೇ ಹೇಳುತ್ತದೆ, ನೋವಿದ್ದರೆ ಓಡುವುದಿಲ್ಲ.' ಈ ಮಾತಿನಲ್ಲಿ ಪ್ರಾಣಿಯ ಬಗ್ಗೆ ಗೌರವ ಇದೆ, ಆದರೆ ಆ ಪ್ರಾಣಿಯ ಸ್ವಭಾವದ ಅರಿವಿಲ್ಲ. ಕುದುರೆ ಬೇಟೆಗೆ ಸಿಕ್ಕುವ ಜಾತಿ. ಹಿಂಡಿನಲ್ಲಿ ಕುಂಟುವುದನ್ನು ತೋರಿಸಿಕೊಂಡದ್ದು ಮೊದಲು ಸಾಯುತ್ತಿತ್ತು. ನೋವು ಮುಚ್ಚಿಕೊಂಡು ಹಿಂಡಿನ ಜೊತೆ ಓಡುವುದೇ ಅದರ ಲಕ್ಷಾಂತರ ವರ್ಷಗಳ ಅಭ್ಯಾಸ. ಇನ್ನೊಂದು, ಕೆಲವು ವಾರ ಲಾಯದಲ್ಲಿ ನಿಂತು ಬಂದ ಕುದುರೆ ಯಾವಾಗಲೂ ಓಡಲು ಹಾತೊರೆಯುತ್ತದೆ. ಜಿಗಿಯುತ್ತದೆ, ಲಗಾಮು ಎಳೆಯುತ್ತದೆ, ಪಕ್ಕದ ಕುದುರೆಯನ್ನು ಕಂಡರೆ ಕುಣಿಯುತ್ತದೆ. ಇದನ್ನು ನೋಡಿ 'ಎಷ್ಟು ಚೆನ್ನಾಗಿದೆ ನೋಡಿ' ಎನ್ನುವವರು, ಬಂಧನದಿಂದ ಬಿಡುಗಡೆಯಾದ ಸಂಭ್ರಮವನ್ನು ಸಿದ್ಧತೆ ಎಂದು ಓದುತ್ತಿದ್ದಾರೆ. ಮೂಳೆಯ ಸಣ್ಣ ಬಿರುಕು ದೊಡ್ಡದಾಗುವ ತನಕ ಎಷ್ಟೋ ಕುದುರೆಗಳು ಸ್ಪಷ್ಟವಾಗಿ ಕುಂಟುವುದಿಲ್ಲ. ಹೆಜ್ಜೆ ತುಸು ಗಿಡ್ಡವಾಗಬಹುದು, ತಿರುವಿನಲ್ಲಿ ಒಂದು ಕಡೆಗೆ ವಾಲಬಹುದು, ಕೆಲಸ ಮುಗಿದ ಮೇಲೆ ಒಂದು ಕಾಲನ್ನು ಮುಂದೆ ಚಾಚಿ ನಿಲ್ಲಬಹುದು. ಕುದುರೆ ಹೇಳುತ್ತದೆ ನಿಜ. ಆದರೆ ಹೇಳುವುದು ಹೊಳ್ಳೆಯಿಂದಲ್ಲ, ಇಂಥ ಸಣ್ಣಪುಟ್ಟ ಚರ್ಯೆಯಿಂದ. ಈಗೀಗ ಕುದುರೆಯ ಎದೆಗೆ ಪಟ್ಟಿ ಕಟ್ಟಿ ಹೃದಯದ ಬಡಿತವನ್ನು ಮೊಬೈಲಿನಲ್ಲಿ ನೋಡುವ ಸಾಧನಗಳು ಬಂದಿವೆ. ಅವನ್ನು ಕೊಂಡವರು ತಾವು ವೈಜ್ಞಾನಿಕವಾಗಿದ್ದೇವೆ ಎಂದು ನಂಬುತ್ತಾರೆ. ಅಳತೆ ಎಷ್ಟೇ ನಿಖರವಾಗಲಿ, ಅಳೆಯುತ್ತಿರುವುದು ಅದೇ ದಮ್ಮನ್ನು; ತಪ್ಪು ಸಾಕ್ಷಿಯ ಹೇಳಿಕೆಯನ್ನು ಈಗ ದಶಮಾಂಶದ ಸಮೇತ ಬರೆದುಕೊಳ್ಳುತ್ತಿದ್ದೇವೆ. ಹೆಜ್ಜೆಯ ಲಯ ಅಳೆಯುವ ಸೆನ್ಸರುಗಳು ಬೇರೆ ಮಾತು. ಅವು ಕಾಲನ್ನೇ ವಿಚಾರಿಸುತ್ತವೆ.

ಎರಡನೆಯ ಆಕ್ಷೇಪ ಇದಕ್ಕೆ ತದ್ವಿರುದ್ಧ ದಿಕ್ಕಿನಿಂದ ಬರುತ್ತದೆ, ಮತ್ತು ಇದರಲ್ಲಿ ಹುರುಳಿದೆ. 'ಹಾಗಾದರೆ ಅವಸರವೇ ಬೇಡ, ಮೂರು ತಿಂಗಳು ನಿಧಾನವಾಗಿ ನಡೆಸೋಣ, ಉದ್ದುದ್ದ ಕ್ಯಾಂಟರ್ ಮಾಡಿಸೋಣ, ಕಾಲು ತಾನೇ ಗಟ್ಟಿಯಾಗುತ್ತದೆ' ಎನ್ನುವ ಎಚ್ಚರಿಕೆಯ ಪಂಥವೊಂದಿದೆ. ದಮ್ಮಿನ ಪಂಥವನ್ನು ಖಂಡಿಸುವವನು ಇವರ ಬೆನ್ನು ತಟ್ಟಬೇಕು ಎಂದು ಓದುಗರು ನಿರೀಕ್ಷಿಸಬಹುದು. ತಟ್ಟಲಾರೆ. ಮೂಳೆ ಗಟ್ಟಿಯಾಗುವುದು ತನ್ನ ಮೇಲೆ ಬಿದ್ದ ಹೊರೆಯ ಅಳತೆಗೆ. ನಿಧಾನದ ಹೊರೆಗೆ ಅದು ನಿಧಾನಕ್ಕೆ ಬೇಕಾದಷ್ಟೇ ಗಟ್ಟಿಯಾಗುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೇವಿಡ್ ನುನಮೇಕರ್ ದಶಕಗಳ ಕಾಲ ಎರಡು ವರ್ಷದ ಥರೋಬ್ರೆಡ್‌ಗಳ ಮುಂಗಾಲಿನ ಮೂಳೆಯ ಮೇಲೆ ಕೆಲಸ ಮಾಡಿದವರು. ಮುಂಗಾಲಿನ ಮುಂಭಾಗ ಊದಿ, ಬೆರಳು ತಾಗಿಸಿದರೆ ಕುದುರೆ ಕಾಲೆಳೆದುಕೊಳ್ಳುವ ಆ ನೋವು ತರಬೇತಿಯ ಮೊದಲ ತಿಂಗಳುಗಳಲ್ಲಿ ಎಷ್ಟೋ ಎಳೆಯ ಕುದುರೆಗಳನ್ನು ಕಾಡುತ್ತದೆ. ಉದ್ದದ ನಿಧಾನ ಓಟ ಹೆಚ್ಚು ಮಾಡಿಸಿದ ಲಾಯಗಳಲ್ಲಿ ಅದು ಹೆಚ್ಚು, ಕಡಿಮೆ ದೂರದ ವೇಗದ ಓಟವನ್ನು ನಿಯಮಿತವಾಗಿ ಸೇರಿಸಿದಲ್ಲಿ ಕಡಿಮೆ ಎಂಬುದು ಅವರು ಮತ್ತು ರೇ ಬಾಸ್ಟನ್ 2000ದಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ತಿರುಳು. ಅವು ಎಳೆಯ ಕುದುರೆಗಳು, ಐದು ವರ್ಷದ ಕುದುರೆಯ ಮೂಳೆ ಅಷ್ಟು ಚುರುಕಾಗಿ ಬದಲಾಗುವುದಿಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಒಪ್ಪುತ್ತೇನೆ. ದಿಕ್ಕು ಮಾತ್ರ ಅದೇ. ಮೈಲುಗಟ್ಟಲೆ ಕ್ಯಾಂಟರ್ ಮೂಳೆಗೆ ಸವೆತ ಹೆಚ್ಚಿಸುತ್ತದೆ, ಬಲ ಅಷ್ಟಾಗಿ ಹೆಚ್ಚಿಸುವುದಿಲ್ಲ. ಹೆಚ್ಚಿಸುವುದು ಮತ್ತೆ ದಮ್ಮನ್ನೇ. ನೋಡಿದಿರಾ, ಅವಸರದ ಪಂಥವೂ ನಿಧಾನದ ಪಂಥವೂ ಕೊನೆಗೆ ಸಾಕುತ್ತಿರುವುದು ಒಂದೇ ಅಂಗವನ್ನು. ಕಾಲನ್ನು ಸಾಕುವ ಕ್ರಮ ಹೀಗೆ: ಆರಂಭದ ವಾರಗಳಲ್ಲಿ ಕೈಯಲ್ಲಿ ಹಿಡಿದು ನಡೆಸುವುದು, ಸವಾರ ಕೂತು ನಡೆಸುವುದು, ಟ್ರಾಟ್. ಆಮೇಲೆ ಕ್ಯಾಂಟರಿನ ಕೊನೆಯಲ್ಲಿ ನೂರಿನ್ನೂರು ಮೀಟರಿನಷ್ಟು ಮಾತ್ರ ವೇಗ, ವಾರದಲ್ಲಿ ಒಂದೆರಡು ಸಲ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಏರುವ ಮುನ್ನ ಕಾಲು ನೋಡಿ ಎರಡು ಮೂರು ವಾರ ಅಲ್ಲೇ ನಿಲ್ಲುವುದು. ದೂರ ಮತ್ತು ವೇಗ ಎರಡನ್ನೂ ಒಂದೇ ವಾರ ಏರಿಸಬಾರದು. ಟೆಂಡನ್ ಹರಿದ ಕುದುರೆಗೆ ಈ ಕ್ರಮವೂ ಬೇಡ, ಅದಕ್ಕೆ ನಡಿಗೆಯೇ ತಿಂಗಳುಗಟ್ಟಲೆ ಬೇಕು. ಅಂದರೆ, ಎಷ್ಟು ದಿನ ರಜೆ ಎಂಬುದಕ್ಕಿಂತ ಯಾಕೆ ರಜೆ ಎಂಬುದೇ ವೇಳಾಪಟ್ಟಿಯನ್ನು ಬರೆಯಬೇಕು.

'ನಮ್ಮ ಗುರುಗಳ ಕಾಲದಿಂದ ಹೀಗೇ ಮಾಡಿಕೊಂಡು ಬಂದಿದ್ದೇವೆ, ಕುದುರೆಗಳು ಗೆದ್ದಿವೆ' ಎಂಬುದು ಮೂರನೆಯ ಮಾತು. ಗೆದ್ದಿವೆ, ಸುಳ್ಳಲ್ಲ. ಆದರೆ ಲಾಯದ ಗೋಡೆಯ ಮೇಲೆ ತೂಗುಹಾಕುವುದು ಗೆದ್ದ ಕುದುರೆಯ ಫೋಟೋ. ಆರನೆಯ ವಾರದಲ್ಲಿ ಕಾಲು ಮುರಿದುಕೊಂಡದ್ದಕ್ಕೆ ಫೋಟೋ ಇಲ್ಲ, ಹೆಸರೂ ಬೇಗ ಮರೆಯುತ್ತದೆ. ಮುರಿದಾಗ ಹೇಳುವ ಮಾತು ಎಲ್ಲ ಕಡೆಯೂ ಒಂದೇ: 'ತಪ್ಪು ಹೆಜ್ಜೆ ಇಟ್ಟುಬಿಟ್ಟಿತು', 'ಟ್ರ್ಯಾಕ್ ಗಟ್ಟಿಯಿತ್ತು', 'ಗ್ರಹಚಾರ'. ಶವಪರೀಕ್ಷೆ ಮಾಡಿದ ಕಡೆಗಳಲ್ಲಿ ಬೇರೆ ಚಿತ್ರ ಕಾಣುತ್ತದೆ: ಇಂಥ ಎಷ್ಟೋ ಮುರಿತಗಳ ಬಾಯಲ್ಲಿ ಅದಾಗಲೇ ಹಳೆಯ ಬಿರುಕಿನ ಗುರುತು, ಅದರ ಸುತ್ತ ಹೊಸ ಮೂಳೆಯ ಲೇಪ ಇರುತ್ತದೆ. ಎಂದರೆ ವಾರಗಳ ಮೊದಲೇ ಶುರುವಾದ ಕೆಲಸ ಆ ದಿನ ಮುಗಿದಿದೆ. ಕ್ಯಾಲಿಫೋರ್ನಿಯಾದ ಸಾಂತಾ ಅನಿಟಾ ರೇಸ್ ಕೋರ್ಸಿನಲ್ಲಿ 2018ರ ಡಿಸೆಂಬರ್ ಕೊನೆಯಿಂದ 2019ರ ಜೂನ್‌ವರೆಗಿನ ಒಂದೇ ಋತುವಿನಲ್ಲಿ ಸುಮಾರು 30 ಕುದುರೆಗಳು ಸತ್ತ ಮೇಲೆ ಅಮೆರಿಕದಲ್ಲಿ, ಮೆಲ್ಬರ್ನ್ ಕಪ್‌ನಲ್ಲಿ 2020ರಲ್ಲಿ ಆಂಥನಿ ವ್ಯಾನ್ ಡೈಕ್ ಎಂಬ ಕುದುರೆ ಕಾಲು ಮುರಿದುಕೊಂಡು ಸತ್ತ ಮೇಲೆ ಆಸ್ಟ್ರೇಲಿಯಾದಲ್ಲಿ, ಓಟಕ್ಕೆ ಮೊದಲು ಕಾಲುಗಳ ಸ್ಕ್ಯಾನ್ ಮತ್ತು ವೈದ್ಯಕೀಯ ತಪಾಸಣೆಯ ನಿಯಮಗಳು ಬಿಗಿಯಾದವು. ಆ ನಿಯಮ ಬರೆದವರು ಯಾರೂ ಕುದುರೆಯ ದಮ್ಮು ಅಳೆಯಿರಿ ಎಂದು ಬರೆಯಲಿಲ್ಲ.

ಕೊನೆಯ ಆಕ್ಷೇಪ ಹಣದ್ದು, ಹಾಗಾಗಿ ಅತಿ ಪ್ರಾಮಾಣಿಕವಾದದ್ದು. ಬೆಂಗಳೂರಿನ ಚಳಿಗಾಲದ ಋತು ನವೆಂಬರಿನಲ್ಲಿ ಆರಂಭವಾಗಿ ಬೇಸಿಗೆಯ ಹೊಸ್ತಿಲವರೆಗೆ, ಬೇಸಿಗೆಯದು ಮೇ ತಿಂಗಳಿನಿಂದ ಜುಲೈವರೆಗೆ, ನಡುವೆ ಮಳೆಗಾಲದಲ್ಲಿ ಮೈಸೂರು. ಕುದುರೆಯ ಮಾಲೀಕರು ತಿಂಗಳು ತಿಂಗಳೂ ಮೇವು, ಸೈಸ್ ಸಂಬಳ, ಲಾಳ, ಟ್ರೇನರ್ ಬಿಲ್ಲು ಕಟ್ಟುತ್ತಲೇ ಇರಬೇಕು, ಕುದುರೆ ಓಡಿದರೂ ಓಡದಿದ್ದರೂ. ಎರಡು ತಿಂಗಳು ಹೆಚ್ಚು ಕಾದರೆ ಒಂದು ಋತುವೇ ಕೈತಪ್ಪುತ್ತದೆ. ಜೊತೆಗೆ ನಮ್ಮ ಕ್ಯಾಲೆಂಡರೂ ನಂಬಿಕಸ್ತನಲ್ಲ: 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ದೇಶದ ರೇಸುಗಳೆಲ್ಲ ಒಮ್ಮೆಗೇ ನಿಂತವು; 2024ರ ಜೂನ್‌ನಲ್ಲಿ ಪರವಾನಗಿಯ ವಿವಾದ ಹೈಕೋರ್ಟಿಗೆ ಹೋಗಿ, ರೇಸ್ ಇಂದೋ ನಾಳೆಯೋ ಎಂದು ಬೆಂಗಳೂರಿನ ಲಾಯಗಳು ಕಾಯುತ್ತ ಕೂತವು. ಇಂಥ ಅನಿಶ್ಚಿತತೆಯಲ್ಲಿ ಬಾಗಿಲು ತೆರೆದ ದಿನವೇ ಓಡಲು ಕುದುರೆ ತಯಾರಿರಲಿ ಎಂಬ ಆಸೆ ಸಹಜ. ಆದರೆ ಹಣದ ಲೆಕ್ಕವನ್ನೇ ಪೂರ್ತಿ ಹಾಕೋಣ. ಎರಡು ತಿಂಗಳ ಖರ್ಚು ಉಳಿಸಲು ಹೋಗಿ ಟೆಂಡನ್ ಹರಿದರೆ ಒಂದು ವರ್ಷದ ಖರ್ಚು, ಮೂಳೆ ಮುರಿದರೆ ಕುದುರೆಯೇ ಇಲ್ಲ, ಬೆನ್ನ ಮೇಲಿದ್ದ ಹುಡುಗನ ಗತಿ ಬೇರೆ. ಅವಸರದಿಂದ ಉಳಿಯುವುದು ಟ್ರೇನರಿಗೆ ಒಂದು ಋತುವಿನ ಗೆಲುವಿನ ಲೆಕ್ಕ. ನಷ್ಟ ಬೀಳುವುದು ಬಿಲ್ಲು ಕಟ್ಟುವವರ ಮೇಲೆ ಮತ್ತು ಕುದುರೆಯ ಮೇಲೆ. ಲಾಭ ಒಬ್ಬರದು, ಅಪಾಯ ಇನ್ನೊಬ್ಬರದು ಆಗಿರುವ ಕಡೆ ತಪ್ಪು ಸಾಕ್ಷಿ ಎಷ್ಟು ಕಾಲವಾದರೂ ನ್ಯಾಯಾಲಯದಲ್ಲಿ ಮೆರೆಯಬಹುದು. ಕ್ಲಬ್ಬುಗಳು ಇಲ್ಲಿ ಕೈಕಟ್ಟಿ ಕೂರಬೇಕಿಲ್ಲ. ಬೆಳಗಿನ ಓಟದ ಸಮಯಗಳು ದಿನವೂ ದಾಖಲಾಗುತ್ತವೆ, ಪತ್ರಿಕೆಗಳಲ್ಲಿ ಅಚ್ಚಾಗುತ್ತವೆ. ಯಾವ ಕುದುರೆ ಒಳ ಮರಳಿನಲ್ಲಿ 600 ಮೀಟರ್ ಎಷ್ಟು ಸೆಕೆಂಡಿನಲ್ಲಿ ಓಡಿತು, ಸರಾಗವಾಗಿ ಓಡಿತೋ ತಳ್ಳಿಸಿಕೊಂಡು ಓಡಿತೋ ಎಂಬುದು ಬಾಜಿ ಕಟ್ಟುವವರಿಗೆ ಬಾಯಿಪಾಠ. ಅದೇ ದಾಖಲೆಯಿಂದ ಯಾವ ಕುದುರೆ ಅರವತ್ತು ದಿನ ವೇಗದ ಕೆಲಸ ಮಾಡಿಲ್ಲ ಎಂದು ಹೆಕ್ಕಿ ತೆಗೆಯುವುದು ಗುಮಾಸ್ತರ ಅರ್ಧ ಗಂಟೆಯ ಕೆಲಸ. ಅಂಥ ಕುದುರೆಯನ್ನು ಪಶುವೈದ್ಯರು ಕಾಲು ಮುಟ್ಟಿ, ಟ್ರಾಟ್ ಮಾಡಿಸಿ ನೋಡದೆ ಮಾಕ್ ರೇಸಿಗೆ ಬಿಡಬಾರದು ಎಂಬ ಒಂದು ಸಾಲಿನ ನಿಯಮಕ್ಕೆ ಹೊಸ ಯಂತ್ರವೂ ಬೇಡ, ಹೊಸ ಕಟ್ಟಡವೂ ಬೇಡ.

ಅಲ್ಟ್ರಾಸೌಂಡ್ ಇಲ್ಲದ ಊರಿನ ರೈಡಿಂಗ್ ಶಾಲೆಯವರು, ಒಂದೇ ಕುದುರೆಯ ಮಾಲೀಕರು ಏನು ಮಾಡಬೇಕು ಎಂದು ಕೇಳಬಹುದು. ಅವರಿಗೂ ಒಂದು ಸಾಧನ ಇದೆ, ಅದನ್ನು ಯಾರೂ ವಿಚಾರಿಸುವುದಿಲ್ಲ: ಸೈಸ್‌ನ ಕೈ. ಬೆಳಗ್ಗೆ ಕೆಲಸಕ್ಕೆ ಮೊದಲು, ಬ್ಯಾಂಡೇಜ್ ಬಿಚ್ಚಿದ ಕೂಡಲೇ, ನೀರು ಹಾಕುವ ಮುಂಚೆ, ಆತ ಮಂಡಿಯಿಂದ ಗೆಣ್ಣಿನವರೆಗೆ ಹಿಂಬದಿಯ ಟೆಂಡನ್ ಮೇಲೆ ಹೆಬ್ಬೆರಳು ಮತ್ತು ತೋರುಬೆರಳು ಇಳಿಸುತ್ತಾನೆ. ಎಡಗಾಲು, ಆಮೇಲೆ ಬಲಗಾಲು. ಕಾಲೆತ್ತಿ ಹಿಡಿದು ಇನ್ನೊಂದು ಸಲ. ನಿನ್ನೆಗಿಂತ ಬೆಚ್ಚಗಿದೆಯೇ, ಅಂಚು ನಿನ್ನೆಯಷ್ಟು ಚೂಪಾಗಿದೆಯೇ, ಒಂದು ಜಾಗ ಒತ್ತಿದಾಗ ಕುದುರೆ ಕಿವಿ ಹಿಂದಕ್ಕೆ ಮಾಡಿತೇ ಎಂಬುದು ಅವನಿಗೆ ಗೊತ್ತು. ಮಾಲೀಕರು ಬಂದಾಗ ಮಾತಾಡುವುದು ಟ್ರೇನರ್. ಸೈಸ್ ಲಗಾಮು ಹಿಡಿದು ಪಕ್ಕದಲ್ಲಿ ನಿಂತಿರುತ್ತಾನೆ. ರಜೆಯಿಂದ ಮರಳಿದ ಕುದುರೆಯ ಬಾಗಿಲಿಗೆ ಒಂದು ನೋಟ್‌ಬುಕ್ ತೂಗುಹಾಕಿ. ಮೊದಲ ಕಾಲಂನಲ್ಲಿ ಇವತ್ತು ಎಷ್ಟು ನಡಿಗೆ, ಎಷ್ಟು ಟ್ರಾಟ್, ಎಷ್ಟು ಮೀಟರ್ ವೇಗ. ಎರಡನೆಯದರಲ್ಲಿ ಕಾಳಿನ ಅಳತೆ. ಮೂರನೆಯದರಲ್ಲಿ ನಾಲ್ಕು ಕಾಲುಗಳ ಬಗ್ಗೆ ಸೈಸ್ ಹೇಳಿದ್ದು, ಅವನ ಮಾತಿನಲ್ಲೇ. ಓದಲು ಬರೆಯಲು ಬಾರದವನಾದರೆ ಸವಾರ ಬರೆದುಕೊಳ್ಳಲಿ. ಮೂರನೆಯ ಕಾಲಂನಲ್ಲಿ 'ಬೆಚ್ಚಗಿದೆ' ಎಂದಿದ್ದ ದಿನ ಮೊದಲ ಕಾಲಂ 'ನಡಿಗೆ' ದಾಟಬಾರದು, ಕುದುರೆ ಎಷ್ಟೇ ಕುಣಿಯಲಿ.